ಲಂಬ ರೇಖೆಗಳ ಇಳಿಜಾರು ಗುಣಿಸಿದರೆ ಮೈನಸ್ ಒಂದೇ ಯಾಕೆ ಬರುತ್ತೆ?

ಪ್ರಶ್ನೆ: ಸರ್, ನಾನು ಬಿಕಾಂ ಓದಿದವಳು. ಮಗ ಈ ವರ್ಷ ಮೊದಲ ಪಿಯುಸಿ ಸೈನ್ಸ್ ಸೇರಿದ್ದಾನೆ, ಹತ್ತನೇ ತರಗತಿವರೆಗೂ ಕನ್ನಡ ಮಾಧ್ಯಮ. ಸರಳ ರೇಖೆಗಳ ಪಾಠದಲ್ಲಿ ಎರಡು ಗೆರೆ ಲಂಬವಾಗಿದ್ದರೆ ಅವುಗಳ ಸ್ಲೋಪ್ ಗುಣಿಸಿದಾಗ −1 ಬರಬೇಕು ಅಂತ ಬಾಯಿಪಾಠ ಮಾಡಿಕೊಂಡಿದ್ದಾನೆ. "ತಿರುಗಿಸಿ ಮೈನಸ್ ಹಾಕಿದರೆ ಆಯ್ತು" ಅಂತ ಟ್ಯೂಷನ್‌ನಲ್ಲಿ ಹೇಳಿಕೊಟ್ಟಿದ್ದಾರಂತೆ. ಯಾಕೆ −1, ಯಾಕೆ 1 ಅಲ್ಲ ಅಂದರೆ ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಎಕ್ಸ್ ಅಕ್ಷ, ವೈ ಅಕ್ಷ ಎರಡೂ ಲಂಬವೇ ಅಲ್ವಾ, ಅಲ್ಲಿ −1 ಬರಲ್ಲವಲ್ಲ? ಇನ್ನೊಂದು: ಫೋನಿನಲ್ಲಿ ಗ್ರಾಫ್ ಹಾಕಿ ನೋಡಿದೆವು, ಲೆಕ್ಕದಲ್ಲಿ ಲಂಬ ಅಂತ ಬಂದ ಎರಡು ಗೆರೆ ಪರದೆ ಮೇಲೆ ಸೊಟ್ಟಗೆ ಕತ್ತರಿ ಥರ ಕಾಣಿಸಿದವು. ಯಾವುದು ಸರಿ?

ಉತ್ತರ: ಮೂರೂ ಒಳ್ಳೆಯ ಪ್ರಶ್ನೆ. ಮೂರನೆಯದಂತೂ ಕ್ಲಾಸಿನಲ್ಲಿ ಮಕ್ಕಳು ಕೇಳುವುದೇ ಇಲ್ಲ, ಯಾಕೆಂದರೆ ಗ್ರಾಫ್ ಹಾಕಿ ನೋಡುವುದೇ ಇಲ್ಲ. ನೀವು ನೋಡಿದ್ದೀರಿ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ, ಮೊದಲು ಸ್ಲೋಪ್ ಅಂದರೇನು ಅನ್ನುವುದನ್ನು ಗಟ್ಟಿ ಮಾಡಿಕೊಳ್ಳೋಣ. ಅದು ಗಟ್ಟಿಯಾದರೆ −1 ತಾನಾಗಿಯೇ ಬಂದು ಕೂರುತ್ತೆ.

ಹತ್ತನೇ ತರಗತಿಯ ನಿರ್ದೇಶಾಂಕ ರೇಖಾಗಣಿತದಲ್ಲಿ ನಿಮ್ಮ ಮಗ ದೂರ ಸೂತ್ರ, ಭಾಗಪ್ರಮಾಣ ಸೂತ್ರ ಕಲಿತಿರುತ್ತಾನೆ. ಸ್ಲೋಪ್ ಅಲ್ಲಿ ಬರಲ್ಲ, ಅದು ಪಿಯುಸಿಗೆ ಬಂದ ಮೇಲೆ ಒಮ್ಮೆಲೇ ಬರುತ್ತೆ, ಅದೂ ಇಂಗ್ಲಿಷಿನಲ್ಲಿ. ಹಾಗಾಗಿ ಕನ್ನಡ ಮಾಧ್ಯಮದ ಮಕ್ಕಳಿಗೆ ಪದವೂ ಹೊಸದು, ವಿಷಯವೂ ಹೊಸದು. ಕನ್ನಡದಲ್ಲಿ ಇದಕ್ಕೆ ಇಳಿಜಾರು ಅನ್ನುತ್ತೇವೆ. ಒಳ್ಳೆಯ ಪದವೇ, ಆದರೆ ಅದರಲ್ಲಿ ಸಣ್ಣದೊಂದು ತಕರಾರಿದೆ. ಇಳಿಜಾರು ಅಂದ ಕೂಡಲೇ ನಮಗೆ ಇಳಿಯುವುದು ನೆನಪಾಗುತ್ತೆ, ಗಣಿತದಲ್ಲಿ ಮಾತ್ರ ಎಡದಿಂದ ಬಲಕ್ಕೆ ಹೋಗುವಾಗ ಗೆರೆ *ಏರಿದರೆ* ಇಳಿಜಾರು ಧನ, ಇಳಿದರೆ ಋಣ. ಇದನ್ನು ಮೊದಲ ದಿನವೇ ಹೇಳದಿದ್ದರೆ ಮಕ್ಕಳು ಚಿಹ್ನೆಯಲ್ಲಿ ಎಡವುತ್ತಾರೆ.

ಅರ್ಥ ಇಷ್ಟೇ: ಅಡ್ಡಡ್ಡ ಎಷ್ಟು ಹೋದರೆ ಮೇಲಕ್ಕೆ ಎಷ್ಟು ಏರುತ್ತೀರಿ? ಏರಿದ್ದನ್ನು ಅಡ್ಡ ಹೋದದ್ದರಿಂದ ಭಾಗಿಸಿ, ಅದೇ ಇಳಿಜಾರು. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಹೋಗುವ ರೈಲು ಹಳಿಯ ಬಗ್ಗೆ 'ಐವತ್ತಕ್ಕೆ ಒಂದು' ಅನ್ನುತ್ತಾರಲ್ಲ, ಅಂದರೆ 50 ಮೀಟರ್ ಮುಂದೆ ಹೋದರೆ 1 ಮೀಟರ್ ಏರು. ಇಳಿಜಾರು 1/50. ಕಾಗದದ ಮೇಲೆ ಬರೆದರೆ ಬಹುತೇಕ ಮಲಗಿದ ಗೆರೆ ಥರ ಕಾಣುತ್ತೆ, ಆದರೆ ಅಷ್ಟು ಏರುವುದಕ್ಕೇ ಅಲ್ಲಿ ರೈಲಿನ ಹಿಂದಿನಿಂದ ತಳ್ಳುವುದಕ್ಕೆ ಬೇರೆ ಎಂಜಿನ್ ಹಾಕುತ್ತಾರೆ. ಗಾಲಿಕುರ್ಚಿಗೆ ಮಾಡುವ ರ‍್ಯಾಂಪ್ ಆದರೆ ಹನ್ನೆರಡಕ್ಕೆ ಒಂದು, ಅಂದರೆ 1/12. ಅಡ್ಡ ಹೋದಷ್ಟೇ ಮೇಲೇರಿದರೆ ಇಳಿಜಾರು 1, ಅದು 45 ಡಿಗ್ರಿ. ಅದಕ್ಕಿಂತ ಕಡಿದಾದರೆ 1ಕ್ಕಿಂತ ಜಾಸ್ತಿ.

ಈಗ ಒಂದು ಕೆಲಸ ಮಾಡಿ. ಮಗನ ಚೌಕದ ಪುಸ್ತಕದಿಂದ ಒಂದು ಹಾಳೆ ತೆಗೆದುಕೊಳ್ಳಿ. ನಡುವೆ ಒಂದು ಚುಕ್ಕೆ ಇಡಿ. ಅಲ್ಲಿಂದ ಬಲಕ್ಕೆ 3 ಚೌಕ, ಆಮೇಲೆ ಮೇಲಕ್ಕೆ 2 ಚೌಕ ಹೋಗಿ ಇನ್ನೊಂದು ಚುಕ್ಕೆ ಇಡಿ. ಎರಡನ್ನೂ ಸೇರಿಸಿ ಗೆರೆ ಎಳೆಯಿರಿ. ಇಳಿಜಾರು 2/3. ಬಲಕ್ಕೆ ಹೋದ 3ರ ಗೆರೆ, ಮೇಲಕ್ಕೆ ಹೋದ 2ರ ಗೆರೆ ಎರಡನ್ನೂ ಪೆನ್ಸಿಲಿನಲ್ಲಿ ತೆಳುವಾಗಿ ಬರೆದುಕೊಳ್ಳಿ, ಒಂದು ಪುಟ್ಟ ತ್ರಿಕೋನ ಆಗುತ್ತೆ.

ಈಗ ಹಾಳೆಯನ್ನು ಕಾಲು ಸುತ್ತು ತಿರುಗಿಸಿ, ಗಡಿಯಾರದ ಮುಳ್ಳು ಹೋಗುವುದಕ್ಕೆ ಉಲ್ಟಾ ದಿಕ್ಕಿನಲ್ಲಿ. ಕಾಲು ಸುತ್ತು ಅಂದರೆ 90 ಡಿಗ್ರಿ. ಹಾಗಾಗಿ ತಿರುಗಿದ ಗೆರೆ ಮೊದಲಿನ ಗೆರೆಗೆ ಲಂಬ, ಅದರಲ್ಲಿ ಅನುಮಾನವೇ ಇಲ್ಲ. ತ್ರಿಕೋನಕ್ಕೆ ಏನಾಯ್ತು ನೋಡಿ. ಬಲಕ್ಕೆ ಮಲಗಿದ್ದ 3 ಈಗ ಎದ್ದು ಮೇಲಕ್ಕೆ ನಿಂತಿದೆ. ಮೇಲಕ್ಕೆ ನಿಂತಿದ್ದ 2 ಈಗ ಎಡಕ್ಕೆ ಮಲಗಿದೆ. ಅಂದರೆ ಹೊಸ ಗೆರೆಯಲ್ಲಿ ಏರಿದ್ದು 3, ಅಡ್ಡ ಹೋದದ್ದು 2, ಆದರೆ ಎಡಕ್ಕೆ. ಎಡಕ್ಕೆ ಹೋದರೆ ಮೈನಸ್. ಇಳಿಜಾರು 3/(−2), ಅಂದರೆ −3/2.

ಅಷ್ಟೇ ಸಂಗತಿ. ಅಂಶ ಛೇದ ಅದಲುಬದಲು ಆಗುವುದು ಯಾಕೆಂದರೆ ಮಲಗಿದ್ದು ನಿಲ್ಲುತ್ತೆ, ನಿಂತಿದ್ದು ಮಲಗುತ್ತೆ. ಮೈನಸ್ ಬರುವುದು ಯಾಕೆಂದರೆ ಎರಡರಲ್ಲಿ ಒಂದು, ಒಂದೇ ಒಂದು, ಹಿಂದುಮುಂದಾಗುತ್ತೆ. ಗುಣಿಸಿ ನೋಡಿ: 2/3 × (−3/2). ಮೇಲಿನ 3, ಕೆಳಗಿನ 3 ಹೋದವು, 2 ಮತ್ತು 2 ಹೋದವು, ಮೈನಸ್ ಮಾತ್ರ ಉಳಿಯಿತು. −1. ಬೇರೆ ಯಾವ ಸಂಖ್ಯೆಯೂ ಬರುವುದಕ್ಕೆ ಜಾಗವೇ ಇಲ್ಲ.

ಹಾಳೆಯನ್ನು ಆ ಕಡೆ ತಿರುಗಿಸುವ ಬದಲು ಈ ಕಡೆ ತಿರುಗಿಸಿದ್ದರೆ? ಬಲಕ್ಕಿದ್ದ 3 ಕೆಳಕ್ಕೆ ಹೋಗುತ್ತೆ, ಮೇಲಿದ್ದ 2 ಬಲಕ್ಕೆ ಬರುತ್ತೆ. −3/2. ಅದೇ ಉತ್ತರ. ಎರಡು ಕಡೆಯಿಂದ ತಿರುಗಿಸಿದರೂ ಸಿಗುವುದು ಒಂದೇ ಗೆರೆಯ ಎರಡು ತುದಿ, ಇಳಿಜಾರು ಬೇರೆ ಆಗುವುದಾದರೂ ಹೇಗೆ?

"ಯಾಕೆ 1 ಅಲ್ಲ" ಅಂತ ಕೇಳಿದ್ದೀರಿ. ಲೆಕ್ಕ ಬಿಟ್ಟು ಕಣ್ಣಲ್ಲೇ ನೋಡಿ. ಒಂದು ಗೆರೆ ಏರುತ್ತಿದ್ದರೆ ಅದಕ್ಕೆ ಲಂಬವಾದ ಗೆರೆ ಇಳಿಯಲೇಬೇಕು. ಎರಡೂ ಏರುವ ಗೆರೆಗಳಾದರೆ ಎರಡೂ ಮಲಗಿದ ಗೆರೆಗೂ ನಿಂತ ಗೆರೆಗೂ ನಡುವಿನ ಆ ಒಂದೇ 90 ಡಿಗ್ರಿಯ ಸಂದಿಯಲ್ಲಿ ಸಿಕ್ಕಿಕೊಂಡಿರುತ್ತವೆ. ಅವುಗಳ ನಡುವಿನ ಕೋನ 90 ಮುಟ್ಟುವುದೇ ಇಲ್ಲ. ಹಾಗಾಗಿ ಒಂದು ಧನ, ಒಂದು ಋಣ. ಇಳಿಜಾರು 2 ಮತ್ತು 1/2 ಇರುವ ಗೆರೆಗಳನ್ನು ಬರೆದು ನೋಡಿ, ಗುಣಲಬ್ಧ 1 ಬರುತ್ತೆ, ಆದರೆ ಅವು ಲಂಬವಲ್ಲ, 45 ಡಿಗ್ರಿಯ ಗೆರೆಗೆ ಆಚೆ ಈಚೆ ಕನ್ನಡಿಯಲ್ಲಿ ನೋಡಿದ ಹಾಗೆ ನಿಂತಿರುತ್ತವೆ. ಅಂದರೆ 1 ಕೂಡ ಸುಮ್ನೆ ಬರುವ ಸಂಖ್ಯೆಯಲ್ಲ, ಅದು ಕನ್ನಡಿಯ ಗುರುತು. −1 ಕಾಲು ಸುತ್ತಿನ ಗುರುತು.

ಇನ್ನೂ ಒಂದು ಗಮನಿಸಿ: ಒಂದು ಗೆರೆ ಎಷ್ಟು ಮಲಗಿರುತ್ತೋ ಅದರ ಲಂಬ ಅಷ್ಟೇ ಕಡಿದಾಗಿರುತ್ತೆ. ಆ ಘಾಟಿಯ ಹಳಿ 1/50 ಆದರೆ ಅದಕ್ಕೆ ಲಂಬವಾಗಿ ನೆಟ್ಟ ಕೋಲಿನ ಇಳಿಜಾರು −50. ಹಳಿ ಹತ್ತಿರ ಹತ್ತಿರ ಮಲಗಿದೆ, ಕೋಲು ಹತ್ತಿರ ಹತ್ತಿರ ನೆಟ್ಟಗಿದೆ. ಹೀಗೆ ನೋಡುವ ಅಭ್ಯಾಸ ಆದರೆ ಪರೀಕ್ಷೆಯಲ್ಲಿ ತಪ್ಪು ಉತ್ತರ ಬಂದಾಗ ಕಣ್ಣೇ ಹೇಳಿಬಿಡುತ್ತೆ.

ಹಾಳೆ ತಿರುಗಿಸಿದ್ದು ಒಪ್ಪಿಗೆಯಾಯ್ತು, ಆದರೆ ಪರೀಕ್ಷೆಯಲ್ಲಿ ಸಾಧಿಸಿ ಅಂತ ಕೇಳಿದರೆ? ಪಿಯುಸಿ ಪುಸ್ತಕದಲ್ಲಿ ಟ್ಯಾನ್ ಬಳಸಿ ಸಾಧಿಸುತ್ತಾರೆ. ಇಳಿಜಾರು ಅಂದರೆ ಎಕ್ಸ್ ಅಕ್ಷದ ಜೊತೆ ಗೆರೆ ಮಾಡುವ ಕೋನದ ಟ್ಯಾನ್, ಲಂಬ ಗೆರೆಯ ಕೋನ 90 ಡಿಗ್ರಿ ಜಾಸ್ತಿ, ಮತ್ತು 90 ಸೇರಿಸಿದ ಕೋನದ ಟ್ಯಾನ್ ಅಂದರೆ ಮೈನಸ್ ಕಾಟ್, ಕಾಟ್ ಅಂದರೆ ಟ್ಯಾನ್‌ನ ತಲೆಕೆಳಗು, 1/ಟ್ಯಾನ್. ಮುಗಿಯಿತು. ಅಂಕ ಬೇಕಾದರೆ ಅದನ್ನೇ ಬರೆಯಲಿ. ಆದರೆ ತ್ರಿಕೋನಮಿತಿ ಇನ್ನೂ ಕೈಗೆ ಹತ್ತಿಲ್ಲದ ಹುಡುಗನಿಗೆ ಅದು ಒಂದು ಬಾಯಿಪಾಠದ ಬದಲು ಇನ್ನೊಂದು ಬಾಯಿಪಾಠ. ನನಗೆ ಇಷ್ಟವಾದದ್ದು ಪೈಥಾಗೊರಸ್ ದಾರಿ, ಅದು ಹತ್ತನೇ ತರಗತಿ ಮುಗಿಸಿದ ಯಾರಿಗೂ ಸಿಗುತ್ತೆ.

ಮೂಲಬಿಂದುವಿನಲ್ಲಿ ಕೂಡುವ ಎರಡು ಗೆರೆ ತಗೊಳ್ಳಿ. ಒಂದರ ಇಳಿಜಾರು ಎಂ, ಇನ್ನೊಂದರದು ಎನ್. ಬಲಕ್ಕೆ ಒಂದೇ ಹೆಜ್ಜೆ ಹೋಗಿ, ಅಂದರೆ ಎಕ್ಸ್ = 1. ಮೊದಲ ಗೆರೆ ಅಲ್ಲಿ (1, ಎಂ) ಬಿಂದುವಿನಲ್ಲಿರುತ್ತೆ, ಎರಡನೆಯದು (1, ಎನ್) ಬಿಂದುವಿನಲ್ಲಿ. ಮೂಲಬಿಂದು ಮತ್ತು ಈ ಎರಡು ಬಿಂದು ಸೇರಿ ತ್ರಿಕೋನ. ಮೂಲಬಿಂದುವಿನಿಂದ ಹೊರಟ ಒಂದು ಬಾಹುವಿನ ವರ್ಗ 1 + ಎಂ², ಇನ್ನೊಂದರದು 1 + ಎನ್². ಎದುರಿನ ಬಾಹು ನೆಟ್ಟಗೆ ನಿಂತಿದೆ, ಅದರ ಉದ್ದ ಎಂ ಮತ್ತು ಎನ್ ನಡುವಿನ ಅಂತರ, ಅದರ ವರ್ಗ ಎಂ² − 2ಎಂಎನ್ + ಎನ್². ಮೂಲಬಿಂದುವಿನಲ್ಲಿ ಲಂಬಕೋನ ಇದ್ದರೆ ಮೊದಲ ಎರಡರ ಮೊತ್ತ ಮೂರನೆಯದಕ್ಕೆ ಸಮ:

2 + ಎಂ² + ಎನ್² = ಎಂ² − 2ಎಂಎನ್ + ಎನ್²

ಎರಡೂ ಕಡೆ ಎಂ², ಎನ್² ಹೋಗುತ್ತವೆ. ಉಳಿದದ್ದು 2 = −2ಎಂಎನ್. ಅಂದರೆ ಎಂ × ಎನ್ = −1. ಸಂಖ್ಯೆ ಹಾಕಿಯೇ ನಂಬುತ್ತೇನೆ ಅಂದರೆ ಎಂ = 2, ಎನ್ = −1/2 ಹಾಕಿ. ಬಾಹುಗಳ ವರ್ಗ 5 ಮತ್ತು 5/4, ಕೂಡಿದರೆ 25/4. ಎದುರಿನ ಬಾಹು 2ರಿಂದ −1/2ರವರೆಗೆ, ಉದ್ದ 5/2, ವರ್ಗ 25/4. ಕೂಡಿಬಂತು.

ಇದರಲ್ಲಿ ಒಂದು ಚಂದದ ಗುಟ್ಟಿದೆ. ಆ ತ್ರಿಕೋನದಲ್ಲಿ ಎಕ್ಸ್ ಅಕ್ಷದ ಮೇಲೆ ನಾವು ಬಲಕ್ಕೆ ಹೋದ ಒಂದು ಹೆಜ್ಜೆ ಇದೆಯಲ್ಲ, ಅದು ಲಂಬಕೋನದ ಶೃಂಗದಿಂದ ವಿಕರ್ಣಕ್ಕೆ, ಅಂದರೆ ಎದುರಿನ ಬಾಹುವಿಗೆ, ಎಳೆದ ಎತ್ತರ. ಆ ಎತ್ತರ ವಿಕರ್ಣವನ್ನು ಎರಡು ತುಂಡು ಮಾಡುತ್ತೆ, ಮೇಲಿನ ತುಂಡು 2, ಕೆಳಗಿನದು 1/2. ಸಮರೂಪ ತ್ರಿಕೋನಗಳ ಪಾಠದಲ್ಲಿ ನೋಡಿರಬಹುದು, ಎತ್ತರದ ವರ್ಗ ಆ ಎರಡು ತುಂಡುಗಳ ಗುಣಲಬ್ಧಕ್ಕೆ ಸಮ. ಎತ್ತರ 1, ವರ್ಗವೂ 1, ಹಾಗಾಗಿ 2 × 1/2 = 1. −1ರಲ್ಲಿರುವ 1 ಎಲ್ಲಿಂದ ಬಂತು ಅಂದರೆ ಈ ಒಂದು ಹೆಜ್ಜೆಯಿಂದ ಬಂತು. ಮೈನಸ್ ಎಲ್ಲಿಂದ ಬಂತು ಅಂದರೆ ಎರಡನೇ ತುಂಡು ಅಕ್ಷದ ಕೆಳಗಿರುವುದರಿಂದ.

ಈಗ ನಿಮ್ಮ ಎರಡನೇ ಪ್ರಶ್ನೆ, ಎಕ್ಸ್ ಅಕ್ಷ ಮತ್ತು ವೈ ಅಕ್ಷ. ಇಲ್ಲಿ ಕನ್ನಡದಲ್ಲಿ ಕಲಿತವರಿಗೆ ಬರುವ ಗೊಂದಲವೊಂದಿದೆ. ನಾವು ನೆಟ್ಟಗೆ ನಿಂತದ್ದಕ್ಕೂ ಲಂಬ ಅನ್ನುತ್ತೇವೆ, ಒಂದಕ್ಕೊಂದು 90 ಡಿಗ್ರಿ ಇದ್ದರೂ ಲಂಬ ಅನ್ನುತ್ತೇವೆ. ಇಂಗ್ಲಿಷಿನಲ್ಲಿ ಎರಡಕ್ಕೆ ಬೇರೆ ಬೇರೆ ಪದ, ವರ್ಟಿಕಲ್ ಮತ್ತು ಪರ್ಪೆಂಡಿಕ್ಯುಲರ್. ನಿಮ್ಮ ಮಗ ಎರಡನ್ನೂ ತಲೆಯೊಳಗೆ ಲಂಬ ಅಂತ ಅನುವಾದ ಮಾಡಿಕೊಂಡರೆ ಪ್ರಶ್ನೆಯೇ ತಪ್ಪಾಗಿ ಅರ್ಥವಾಗುತ್ತೆ. ನಾನು ಮೊದಲನೆಯದಕ್ಕೆ 'ನಿಂತ ಗೆರೆ' ಅಂತಲೇ ಹೇಳುತ್ತೇನೆ, ಕೇಳಲು ಹಳ್ಳಿ ಮಾತಿನಂತಿದ್ದರೂ ಗೊಂದಲ ಇರಲ್ಲ.

ನಿಂತ ಗೆರೆಗೆ ಇಳಿಜಾರೇ ಇಲ್ಲ. ಅಡ್ಡ ಹೋದದ್ದು 0, ಸೊನ್ನೆಯಿಂದ ಭಾಗಿಸುವ ಹಾಗಿಲ್ಲ. ಅದು ದೊಡ್ಡ ಸಂಖ್ಯೆಯಲ್ಲ, ಸಂಖ್ಯೆಯೇ ಅಲ್ಲ. ಎಕ್ಸ್ ಅಕ್ಷದ ಇಳಿಜಾರು 0. ಇಲ್ಲದ್ದನ್ನು ಸೊನ್ನೆಯಿಂದ ಗುಣಿಸಿ −1 ತರುವುದು ಹೇಗೆ? ಆಗಲ್ಲ. ಅದಕ್ಕೇ ಪುಸ್ತಕದಲ್ಲಿ 'ವೈ ಅಕ್ಷಕ್ಕೆ ಸಮಾಂತರವಲ್ಲದ ಗೆರೆಗಳಿಗೆ' ಅಂತ ಒಂದು ಷರತ್ತು ಹಾಕಿರುತ್ತಾರೆ, ನಾವು ಅದನ್ನು ದಾಟಿ ಮುಂದೆ ಹೋಗಿಬಿಡುತ್ತೇವೆ. ನೀವು ಸರಿಯಾಗಿಯೇ ಹಿಡಿದಿದ್ದೀರಿ.

ಆದರೆ ಹಾಳೆ ತಿರುಗಿಸುವ ಉಪಾಯಕ್ಕೆ ಈ ಷರತ್ತು ಬೇಡ. ಬಲಕ್ಕೆ 1, ಮೇಲಕ್ಕೆ 0 ಹೋಗುವ ಗೆರೆಯನ್ನು ತಿರುಗಿಸಿದರೆ ಎಡಕ್ಕೆ 0, ಮೇಲಕ್ಕೆ 1. ನಿಂತ ಗೆರೆ ಸಿಕ್ಕಿತು, ತಕರಾರಿಲ್ಲ. ಭಾಗಾಕಾರ ಮಾಡಿದ್ದರಿಂದ ತೊಂದರೆ ಬಂತೇ ಹೊರತು ಗೆರೆಗಳಿಂದಲ್ಲ. ಅದಕ್ಕೆ ಭಾಗಿಸದೆಯೇ ಹೀಗೆ ಹೇಳಬಹುದು: ಒಂದು ಗೆರೆಯಲ್ಲಿ ಅಡ್ಡ ಹೋದದ್ದನ್ನು ಇನ್ನೊಂದರ ಅಡ್ಡದಿಂದ ಗುಣಿಸಿ, ಏರನ್ನು ಏರಿನಿಂದ ಗುಣಿಸಿ, ಎರಡನ್ನೂ ಕೂಡಿ. ಸೊನ್ನೆ ಬಂದರೆ ಲಂಬ. ನಮ್ಮ ಮೊದಲ ಉದಾಹರಣೆಯಲ್ಲಿ ಒಂದು ಗೆರೆ (3, 2), ಇನ್ನೊಂದು (−2, 3). 3 × (−2) + 2 × 3 = 0. ಅಕ್ಷಗಳಿಗೆ (1, 0) ಮತ್ತು (0, 1), ಕೂಡಿದರೆ 0. ಎಲ್ಲಕ್ಕೂ ಒಂದೇ ನಿಯಮ. ಎರಡನೇ ಪಿಯುಸಿಯಲ್ಲಿ ವೆಕ್ಟರ್ ಪಾಠ ಬಂದಾಗ ಇದೇ ನಿಯಮ ಡಾಟ್ ಪ್ರಾಡಕ್ಟ್ ಅನ್ನುವ ಹೆಸರಿನಲ್ಲಿ ಮತ್ತೆ ಬರುತ್ತೆ, ಆಗ ನಿಮ್ಮ ಮಗ ಹಳೇ ಪರಿಚಯದವರನ್ನು ನೋಡಿದ ಹಾಗೆ ನೋಡಬಹುದು.

ಸಮೀಕರಣ ಕೊಟ್ಟಾಗ ಇದೇ ಉಪಾಯದಿಂದ ಕೆಲಸ ಬೇಗ ಆಗುತ್ತೆ. 3ಎಕ್ಸ್ − 4ವೈ + 7 = 0 ಗೆರೆಗೆ ಲಂಬವಾಗಿ, (2, −1) ಮೂಲಕ ಹೋಗುವ ಗೆರೆ ಬೇಕು ಅನ್ನಿ. ಇಳಿಜಾರು ಕಂಡುಹಿಡಿದು, ತಿರುಗಿಸಿ, ಸೂತ್ರಕ್ಕೆ ಹಾಕಿ, ಛೇದ ತೆಗೆದು, ಇಷ್ಟೆಲ್ಲ ಬೇಡ. 3 ಮತ್ತು −4 ಅದಲುಬದಲು ಮಾಡಿ, ಒಂದರ ಚಿಹ್ನೆ ಬದಲಿಸಿ: 4ಎಕ್ಸ್ + 3ವೈ + ಕೆ = 0. ಬಿಂದುವನ್ನು ಹಾಕಿ: 8 − 3 + ಕೆ = 0, ಕೆ = −5. ಗೆರೆ 4ಎಕ್ಸ್ + 3ವೈ = 5. ಎರಡೇ ಸಾಲು.

ಟ್ಯೂಷನ್‌ನಲ್ಲಿ ಹೇಳಿಕೊಟ್ಟ ಮಾತಿಗೆ ಬರೋಣ. "ತಿರುಗಿಸಿ ಮೈನಸ್ ಹಾಕು." ಈ ಮಾತು ಅರ್ಧ ಸರಿ, ಮಕ್ಕಳು ಅಂಕ ಕಳೆದುಕೊಳ್ಳುವುದು ಉಳಿದ ಅರ್ಧದಲ್ಲಿ. ಇಳಿಜಾರು −2/5 ಇದ್ದರೆ ಮೈನಸ್ ಹಾಕು ಅಂತ ಕಲಿತವನು −5/2 ಬರೆಯುತ್ತಾನೆ. ಮೊದಲೇ ಇದ್ದ ಮೈನಸ್ ಹಾಗೇ ಉಳಿಯಿತು, ಅವನ ಲೆಕ್ಕದಲ್ಲಿ ಮೈನಸ್ ಹಾಕಿಯೂ ಆಯ್ತು. ಸರಿ ಉತ್ತರ 5/2. ಹಾಕಬೇಕಾದ್ದು ಮೈನಸ್ ಅಲ್ಲ, *ಬದಲಿಸಬೇಕಾದ್ದು* ಚಿಹ್ನೆ. ಒಂದೇ ಪದದ ವ್ಯತ್ಯಾಸ. ನಾನು ಎಷ್ಟೋ ವರ್ಷ ಉತ್ತರ ಪತ್ರಿಕೆ ತಿದ್ದಿದ್ದೇನೆ, ಈ ಪಾಠದಲ್ಲಿ ಅತಿ ಹೆಚ್ಚು ಕಂಡ ತಪ್ಪು ಇದೇ. ಅದರ ನಂತರದ್ದು ಸಮೀಕರಣದಿಂದ ಇಳಿಜಾರು ತೆಗೆಯುವಾಗ ಆಗುವುದು: 3ಎಕ್ಸ್ − 4ವೈ + 7 = 0 ನೋಡಿದ ಕೂಡಲೇ ಎಕ್ಸ್ ಮುಂದಿರುವ 3 ಇಳಿಜಾರು ಅಂತ ಬರೆದುಬಿಡುವುದು. ವೈ ಒಂಟಿಯಾಗಿ ಒಂದು ಕಡೆ ನಿಂತಿದ್ದರೆ ಮಾತ್ರ ಎಕ್ಸ್ ಮುಂದಿನ ಸಂಖ್ಯೆ ಇಳಿಜಾರು. ಇಲ್ಲಿ ಅದು 3/4. ಆಮೇಲೆ ಎರಡು ಬಿಂದು ಕೊಟ್ಟಾಗ ಮೇಲೆ ಎರಡನೆಯದರಿಂದ ಮೊದಲನೆಯದನ್ನು ಕಳೆದು, ಕೆಳಗೆ ಮೊದಲನೆಯದರಿಂದ ಎರಡನೆಯದನ್ನು ಕಳೆಯುವುದು. ಯಾವ ಕಡೆಯಿಂದ ಕಳೆದರೂ ಪರವಾಗಿಲ್ಲ, ಮೇಲೆ ಕೆಳಗೆ ಒಂದೇ ಕಡೆಯಿಂದ ಕಳೆಯಬೇಕು.

ಇದೆಲ್ಲ ಯಾವುದಕ್ಕೆ ಉಪಯೋಗ ಅಂತ ಮಗ ಕೇಳಿದರೆ ಸೈಟು ತೋರಿಸಿ. ನಮ್ಮಲ್ಲಿ ಸೈಟು ಅಂದರೆ 30–40 ಅಲ್ವಾ? ನಮ್ಮ ಮನೆ ಕಟ್ಟುವಾಗ ಮೇಸ್ತ್ರಿ ಮೂಲೆಗೆ ಗೂಟ ಹೊಡೆದು ದಾರ ಕಟ್ಟಿ, ಒಂದು ಕಡೆ 3 ಅಡಿಗೆ, ಇನ್ನೊಂದು ಕಡೆ 4 ಅಡಿಗೆ ಗುರುತು ಮಾಡಿ, ಎರಡು ಗುರುತಿನ ನಡುವೆ ಟೇಪು ಹಿಡಿದರು. ಸರಿಯಾಗಿ 5 ಅಡಿ ಬರುವವರೆಗೂ ದಾರ ಸರಿಸುತ್ತಲೇ ಇದ್ದರು. ನಾನು ಗಣಿತದ ಮೇಷ್ಟ್ರು ಅಂತ ಗೊತ್ತಿದ್ದರೂ ನನ್ನನ್ನು ಏನೂ ಕೇಳಲಿಲ್ಲ, ಅವರಿಗೆ ಬೇಕಾಗಿಯೂ ಇರಲಿಲ್ಲ. ಆಯತದ ಕರ್ಣದ ಮೇಲಿನ ವರ್ಗ ಎರಡು ಬಾಹುಗಳ ಮೇಲಿನ ವರ್ಗಗಳ ಮೊತ್ತಕ್ಕೆ ಸಮ ಅನ್ನುವುದನ್ನು ಬೌಧಾಯನ ಶುಲ್ಬಸೂತ್ರದಲ್ಲಿ ಯಜ್ಞವೇದಿಕೆ ಅಳೆಯುವ ಹಗ್ಗದ ಲೆಕ್ಕವಾಗಿಯೇ ಹೇಳಿದೆ. ಮೇಸ್ತ್ರಿ ಕೈಯಲ್ಲಿದ್ದದ್ದೂ ಅದೇ ಹಗ್ಗ.

ಈಗ ಸೈಟನ್ನು ನಿರ್ದೇಶಾಂಕದಲ್ಲಿ ಹಾಕೋಣ. ಪೂರ್ವಕ್ಕೆ ಎಕ್ಸ್, ಉತ್ತರಕ್ಕೆ ವೈ, ಅಳತೆ ಅಡಿಗಳಲ್ಲಿ. ರಸ್ತೆ ಸೊಟ್ಟಗಿದೆ, ಹಾಗಾಗಿ ಸೈಟೂ ಓರೆಯಾಗಿದೆ. ಒಂದು ಮೂಲೆ (0, 0), ರಸ್ತೆ ಪಕ್ಕದ ಇನ್ನೊಂದು ಮೂಲೆ (32, 24). ಈ ಬದಿಯ ಉದ್ದ ದೂರ ಸೂತ್ರದಿಂದ 40, ಇಳಿಜಾರು 24/32, ಅಂದರೆ 3/4. ಪಕ್ಕದ ಗೋಡೆ 30 ಅಡಿ, ರಸ್ತೆಗೆ ಲಂಬ. ಅದು ಎಲ್ಲಿ ಮುಗಿಯಬೇಕು? ರಸ್ತೆಯ ಹೆಜ್ಜೆ ಬಲಕ್ಕೆ 4, ಮೇಲಕ್ಕೆ 3. ಕಾಲು ಸುತ್ತು ತಿರುಗಿಸಿದರೆ ಎಡಕ್ಕೆ 3, ಮೇಲಕ್ಕೆ 4. ಒಂದು ಹೆಜ್ಜೆಯ ಉದ್ದ 5 ಅಡಿ. ನಮಗೆ 30 ಬೇಕು, ಆರು ಹೆಜ್ಜೆ: ಎಡಕ್ಕೆ 18, ಮೇಲಕ್ಕೆ 24. ಮೂಲೆ (−18, 24). ಅದರ ಎದುರಿನ ಮೂಲೆ (32 − 18, 24 + 24), ಅಂದರೆ (14, 48). ಕರ್ಣ ನೋಡಿ: 14ರ ವರ್ಗ 196, 48ರ ವರ್ಗ 2304, ಕೂಡಿದರೆ 2500, ವರ್ಗಮೂಲ 50. ಮೇಸ್ತ್ರಿಯ 3-4-5 ಹತ್ತು ಪಟ್ಟಾಗಿ ಬಂತು. ಅವರು ಟೇಪಿನಿಂದ ನೋಡಿದ್ದನ್ನೇ ನಾವು 3/4 × (−4/3) = −1 ಅಂತ ನೋಡುತ್ತಿದ್ದೇವೆ.

ಇನ್ನು ಫೋನಿನ ಗ್ರಾಫ್. ಲೆಕ್ಕವೂ ಸುಳ್ಳು ಹೇಳಿಲ್ಲ, ಫೋನೂ ಸುಳ್ಳು ಹೇಳಿಲ್ಲ. ಪರದೆಯ ಮೇಲೆ ಎಕ್ಸ್ ಅಕ್ಷದಲ್ಲಿ ಒಂದು ಮಾನಕ್ಕೆ ಕೊಟ್ಟ ಜಾಗ ಒಂದು, ವೈ ಅಕ್ಷದಲ್ಲಿ ಕೊಟ್ಟ ಜಾಗ ಇನ್ನೊಂದು. ಬೆರಳಿನಿಂದ ಹಿಗ್ಗಿಸುವಾಗ ಒಂದು ಅಕ್ಷ ಮಾತ್ರ ಹಿಗ್ಗಿರಬಹುದು, ಅಥವಾ ಇಡೀ ಗ್ರಾಫನ್ನು ಪರದೆಗೆ ಹೊಂದಿಸಲು ಆ್ಯಪೇ ಅಳತೆ ಬದಲಿಸಿರಬಹುದು. ಹತ್ತನೇ ತರಗತಿಯಲ್ಲಿ ಗ್ರಾಫ್ ಹಾಳೆಯ ಮೂಲೆಯಲ್ಲಿ ಪ್ರಮಾಣ ಅಂತ ಬರೆಯುತ್ತಿದ್ದರಲ್ಲ, ಎಕ್ಸ್ ಅಕ್ಷದಲ್ಲಿ 1 ಸೆಂ.ಮೀ. = 1 ಮಾನ, ವೈ ಅಕ್ಷದಲ್ಲಿ 1 ಸೆಂ.ಮೀ. = 2 ಮಾನ ಅಂತ? ಆ ಪ್ರಮಾಣದಲ್ಲಿ ವೈ = ಎಕ್ಸ್ ಮತ್ತು ವೈ = −ಎಕ್ಸ್ ಬರೆಯಿರಿ. ಲೆಕ್ಕದಲ್ಲಿ ಇಳಿಜಾರು 1 ಮತ್ತು −1, ಪಕ್ಕಾ ಲಂಬ. ಕಾಗದದ ಮೇಲೆ ಮಾತ್ರ ಎತ್ತರ ಅರ್ಧಕ್ಕೆ ಇಳಿದಿರುವುದರಿಂದ ಕಣ್ಣಿಗೆ ಕಾಣುವ ಇಳಿಜಾರು 1/2 ಮತ್ತು −1/2. ಕೋನಮಾಪಕ ಇಟ್ಟರೆ ಒಂದು ಕಡೆ ಸುಮಾರು 53 ಡಿಗ್ರಿ, ಇನ್ನೊಂದು ಕಡೆ 127. ನೀವು ಹೇಳಿದ ಕತ್ತರಿ ಇದೇ.

ಸರಿ ಮಾಡಲು ಎರಡೂ ಅಕ್ಷಕ್ಕೆ ಒಂದೇ ಪ್ರಮಾಣ ಇಡಿ. ಜಿಯೋಜಿಬ್ರಾ ಅನ್ನುವ ಗ್ರಾಫ್ ಆ್ಯಪ್ ಆದರೆ ಸೆಟ್ಟಿಂಗಿನಲ್ಲಿ ಎಕ್ಸ್ ಅಕ್ಷಕ್ಕೂ ವೈ ಅಕ್ಷಕ್ಕೂ ಅನುಪಾತ 1:1 ಇಡುವ ಜಾಗ ಇದೆ. ಇಟ್ಟ ಕೂಡಲೇ ಗೆರೆಗಳು ಸರಿಯಾಗಿ ನಿಲ್ಲುತ್ತವೆ.

ಸ್ವಲ್ಪ ಇಲ್ಲಿ ನಿಲ್ಲುತ್ತೇನೆ, ಯಾಕೆಂದರೆ ಈ ಪಾಠದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾಗುವ ವಿಷಯ ಇದು. ಸಮಾಂತರ ಗೆರೆಗಳನ್ನು ಹೀಗೆ ಹಿಗ್ಗಿಸಿದರೆ ಏನೂ ಆಗಲ್ಲ, ಎರಡರ ಇಳಿಜಾರೂ ಒಂದೇ ರೀತಿ ಬದಲಾಗುತ್ತೆ, ಸಮಾಂತರವಾಗಿಯೇ ಉಳಿಯುತ್ತವೆ. ಲಂಬ ಹಾಗಲ್ಲ, ಬೇಗ ಮುರಿದುಹೋಗುತ್ತೆ. ಹಾಳೆ ತಿರುಗಿಸಿದಾಗ ಬಲಕ್ಕಿದ್ದ 3 ಚೌಕ ಮೇಲಕ್ಕೆ ಹೋಗಿ 3 ಚೌಕವೇ ಆಗಿ ಉಳಿಯಬೇಕಾದರೆ ಚೌಕ ಚೌಕವಾಗಿಯೇ ಇರಬೇಕು, ಆಯತವಾಗಿದ್ದರೆ ಆ ಆಟ ನಡೆಯಲ್ಲ. ಅಂದರೆ ಎರಡೂ ಅಕ್ಷವನ್ನು ಒಂದೇ ಕೋಲಿನಿಂದ ಅಳೆದಾಗ ಮಾತ್ರ −1ರ ನಿಯಮಕ್ಕೆ ಅರ್ಥ. ನೀವು ಬಿಕಾಂನಲ್ಲಿ ಬೇಡಿಕೆ ರೇಖೆ, ಪೂರೈಕೆ ರೇಖೆ ಬರೆದಿರುತ್ತೀರಿ. ಒಂದು ಅಕ್ಷದಲ್ಲಿ ರೂಪಾಯಿ, ಇನ್ನೊಂದರಲ್ಲಿ ಕಿಲೋ. ಅಲ್ಲಿ ಎರಡು ರೇಖೆ ಲಂಬವಾಗಿ ಕಂಡರೂ ಅದಕ್ಕೆ ಏನೂ ಅರ್ಥವಿಲ್ಲ. ಇಳಿಜಾರು ಅಂದರೆ ಅಲ್ಲಿ ಕಿಲೋಗೆ ಇಷ್ಟು ರೂಪಾಯಿ, ಎರಡು ಇಳಿಜಾರು ಗುಣಿಸಿದರೆ ರೂಪಾಯಿಯ ವರ್ಗ ಭಾಗಿಸು ಕಿಲೋ ವರ್ಗ, ಅದು ಬರೀ −1 ಆಗುವುದೇ ಇಲ್ಲ. ಕಿಲೋ ಬದಲು ಕ್ವಿಂಟಾಲ್ ಹಾಕಿದರೆ ಆ ಲಂಬವೂ ಹೋಯ್ತು. ಸೈಟಿನಲ್ಲಿ ಎರಡೂ ಕಡೆ ಅಡಿ, ಹಾಗಾಗಿ ಅಲ್ಲಿ ಲಂಬ ನಿಜವಾದ ಲಂಬ.

ಪರೀಕ್ಷೆಗೆ ಬೇಕಾಗುವ ಇನ್ನೊಂದು ಲೆಕ್ಕ ಹೇಳಿ ಮುಗಿಸುತ್ತೇನೆ, ಲಂಬಾರ್ಧಕ. ಎರಡು ಬಿಂದುಗಳ ನಡುವಿನ ಗೆರೆಯನ್ನು ಸರಿಯಾಗಿ ಮಧ್ಯದಲ್ಲಿ, 90 ಡಿಗ್ರಿಯಲ್ಲಿ ಕತ್ತರಿಸುವ ಗೆರೆ. ಬಿಂದುಗಳು (1, 2) ಮತ್ತು (5, 10). ಇಳಿಜಾರು 8/4 = 2, ಲಂಬದ್ದು −1/2. ಮಧ್ಯಬಿಂದು (3, 6). ಗೆರೆ ವೈ − 6 = −1/2 (ಎಕ್ಸ್ − 3), ಸರಿಪಡಿಸಿದರೆ ಎಕ್ಸ್ + 2ವೈ = 15. ತಾಳೆ ನೋಡಲು ಈ ಗೆರೆಯ ಮೇಲೆ ಯಾವುದಾದರೂ ಬಿಂದು ತಗೊಳ್ಳಿ, (5, 5) ಅನ್ನಿ. (1, 2)ಕ್ಕೆ ದೂರ: 4, 3, ಹಾಗಾಗಿ 5. (5, 10)ಕ್ಕೆ ದೂರ: 5. ಎರಡಕ್ಕೂ ಒಂದೇ ದೂರ, ಲಂಬಾರ್ಧಕದ ಮೇಲಿನ ಯಾವ ಬಿಂದುವಿಗೂ ಹೀಗೇ ಬರಬೇಕು. ಬರಲಿಲ್ಲ ಅಂದರೆ ಚಿಹ್ನೆ ಎಲ್ಲೋ ತಪ್ಪಿದೆ ಅಂತ ಲೆಕ್ಕ.

ನಿಮ್ಮ ಮಗನಿಗೆ ಕೊಡಲು ಒಂದು ಲೆಕ್ಕ. ಸೂತ್ರ ಮುಟ್ಟುವ ಹಾಗಿಲ್ಲ ಅಂತ ಮೊದಲೇ ಹೇಳಿ. ಒಂದು ಚೌಕದ ಪಕ್ಕಪಕ್ಕದ ಮೂರು ಮೂಲೆ (1, 1), (7, 5), (3, 11). ನಾಲ್ಕನೆಯದು ಎಲ್ಲಿ? ಮೊದಲನೆಯದರಿಂದ ಎರಡನೆಯದಕ್ಕೆ ಬಲಕ್ಕೆ 6, ಮೇಲಕ್ಕೆ 4. ಎರಡನೆಯದರಿಂದ ಮೂರನೆಯದಕ್ಕೆ ಎಡಕ್ಕೆ 4, ಮೇಲಕ್ಕೆ 6. ಕಾಲು ಸುತ್ತು ಕಾಣಿಸಿತಲ್ಲ? ಅದೇ ಹೆಜ್ಜೆಯನ್ನು (1, 1)ರಿಂದ ಹಾಕಿಸಿ. (−3, 7) ಅಂತ ಅವನೇ ಹೇಳಬೇಕು, ನೀವು ಬಾಯಿ ಬಿಡಬೇಡಿ.